ನಾಟಾ ಡಿಪೋ ಲಾರಿಗಳ ಸಾಲು: ಶನಿವಾರದ ಕಂಪನಿ ಸಭೆಗೆ ಏನು ಹಿಡಿದುಕೊಂಡು ಹೋಗೋಣ?

ಸಂಘದ ಕಾರ್ಯದರ್ಶಿ
ಎಲ್ಲರ ಗಮನಕ್ಕೆ. ಡಿಪೋದಿಂದ ಪತ್ರ ಬಂದಿದೆ. ಬರುವ ಶನಿವಾರ ಬೆಳಿಗ್ಗೆ 11ಕ್ಕೆ ಅವರ ಆವರಣದಲ್ಲೇ ‘ಸ್ಟೇಕ್‌ಹೋಲ್ಡರ್ ಸಭೆ’, ಅಂದ್ರೆ ಸಂಬಂಧಪಟ್ಟವರೆಲ್ಲರ ಸಭೆ, ಇಟ್ಟಿದ್ದಾರೆ. ನಮ್ಮ ಬಡಾವಣೆಯಿಂದ ಐದು ಜನ ಬರಬಹುದಂತೆ. ಮರ ಮಾರುವ ರೈತರು, ಲಾರಿ ಮಾಲೀಕರು, ನಗರಸಭೆ ಸದಸ್ಯರನ್ನೂ ಕರೆದಿದ್ದಾರೆ. ಯಾರು ಹೋಗೋದು, ಏನು ಕೇಳೋದು ಅಂತ ಇಲ್ಲೇ ತೀರ್ಮಾನ ಮಾಡೋಣ. ಬೇರೆ ವಿಷಯ ಈ ಥ್ರೆಡ್‌ನಲ್ಲಿ ದಯವಿಟ್ಟು ಬೇಡ.

3ನೇ ಕ್ರಾಸ್, ಮಹಡಿ ಮನೆ
ಇವತ್ತೂ ಸ್ಕೂಲ್ ವ್ಯಾನ್ ಒಳಗೆ ಬರಲಿಲ್ಲ. ರಸ್ತೆಯ ಎರಡೂ ಬದಿ ಲಾರಿ. ಮಗಳ ಕೈ ಹಿಡಿದು ಆ ಸಾಲಿನ ನಡುವೆಯೇ ಮೇನ್ ರೋಡಿಗೆ ಹೋದೆ. ಒಂದು ಲಾರಿಯಲ್ಲಿ ದಿಮ್ಮಿಗಳು ಹಿಂದಕ್ಕೆ ಒಂದಾಳುದ್ದ ಚಾಚಿಕೊಂಡಿದ್ದವು. ತುದಿಗೆ ಕಟ್ಟಿದ ಕೆಂಪು ಬಟ್ಟೆ ಕೆಸರು ಮೆತ್ತಿ ಕಪ್ಪಾಗಿತ್ತು. ದಿಮ್ಮಿಯ ತುದಿ ಇದ್ದದ್ದು ನೆಟ್ಟಗೆ ನನ್ನ ಮಗಳ ಹಣೆಯ ಎತ್ತರಕ್ಕೆ. ಡ್ರೈವರ್ ಕ್ಯಾಬಿನ್‌ನಲ್ಲಿ ನಿದ್ದೆ ಮಾಡ್ತಿದ್ದರು. ಅವರನ್ನು ಬೈಯೋಕೂ ಮನಸ್ಸು ಬರಲಿಲ್ಲ, ರಾತ್ರಿ ಎರಡಕ್ಕೆ ಬಂದು ನಿಂತವರಂತೆ.

ಶನಿವಾರ ನಾನು ಬರ್ತೀನಿ. ನನ್ನ ಹೆಸರು ಹಾಕಿಕೊಳ್ಳಿ.

1ನೇ ಕ್ರಾಸ್, ಮೂಲೆ ಮನೆ
ಚರಂಡಿ ವಿಷಯವೂ ಸೇರಲಿ. ಲಾರಿಯಿಂದ ಉದುರಿದ ನೀಲಗಿರಿ ತೊಗಟೆ ಮೋರಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿದೆ. ಮೊನ್ನೆಯ ಮಳೆಗೆ ನೀರು ಗೇಟ್ ದಾಟಿ ವರಾಂಡಕ್ಕೆ ಬಂತು. ಪೌರಕಾರ್ಮಿಕರು ಕೈಯಲ್ಲಿ ಎಳೆದು ತೆಗೆದರೆ ಒಂದು ಟ್ರ್ಯಾಕ್ಟರ್ ತುಂಬುವಷ್ಟು ಸಿಪ್ಪೆ.

ಕಿರಾಣಿ ಅಂಗಡಿ
ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಂಪನಿ ನಮ್ಮ ಸರ್ಕಾರಿ ಶಾಲೆಗೆ ನೀರಿನ ಫಿಲ್ಟರ್ ಕೊಟ್ಟಿದೆ, ಬಸ್ ಸ್ಟಾಪಿಗೆ ಶೆಲ್ಟರ್ ಕಟ್ಟಿಸಿದೆ. ಜಗಳಕ್ಕೆ ಹೋದಂಗೆ ಹೋದ್ರೆ ಅದೂ ನಿಲ್ಲುತ್ತೆ. ಡ್ರೈವರ್‌ಗಳಿಂದ ನನ್ನ ವ್ಯಾಪಾರವೂ ಇದೆ, ಅದನ್ನು ಮುಚ್ಚಿಡಲ್ಲ. ಹೋದ ವರ್ಷ ಕರೆದಾಗಲೂ ಮ್ಯಾನೇಜರ್ ಚೆನ್ನಾಗೇ ಮಾತಾಡಿದ್ರಲ್ಲ?

2ನೇ ಕ್ರಾಸ್, ಕೊನೇ ಮನೆ
ಅಣ್ಣಾ, ಚೆನ್ನಾಗೇ ಮಾತಾಡಿದರು, ನಿಜ. ನಾನೂ ಇದ್ದೆ. ಕೇಸರಿಬಾತ್ ಕೊಟ್ಟರು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡರು, ಹೊರಡುವಾಗ ಕೈಗೊಂದು ಸಸಿ, ಒಂದು ಗ್ರೂಪ್ ಫೋಟೋ. ಲಾರಿ ವಿಷಯ ಅಲ್ಲಿ ಕನಿಷ್ಠ ನಾಲ್ಕು ಜನ ಎತ್ತಿದ್ದೆವು. ‘ನೋಟ್ ಮಾಡ್ಕೊಂಡಿದ್ದೀವಿ’ ಅಂದರು.

ನಾನು ಆಡಿಟ್ ಆಫೀಸಲ್ಲಿ ಕೆಲಸ ಮಾಡೋಳು, ಕಂಪನಿ ವರದಿ ಓದೋದು ನನಗೆ ದಿನದ ಕೆಲಸ. ಹಾಗಾಗಿ ಈ ಕಂಪನಿಯದ್ದನ್ನೂ ತೆಗೆದು ನೋಡಿದೆ. ಇದು ಷೇರು ಮಾರುಕಟ್ಟೆಯಲ್ಲಿರುವ ಕಂಪನಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್, ಅಂದ್ರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಕೊಡಲೇಬೇಕು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದರ ಮೊದಲ ಭಾಗದಲ್ಲೇ ಒಂದು ಕೋಷ್ಟಕ ಬರುತ್ತೆ: ಸಮುದಾಯ, ಹೂಡಿಕೆದಾರರು, ಷೇರುದಾರರು, ನೌಕರರು, ಗ್ರಾಹಕರು, ಸರಕು-ಸೇವೆ ಒದಗಿಸುವವರು. ಒಬ್ಬೊಬ್ಬರಿಂದ ವರ್ಷದಲ್ಲಿ ಎಷ್ಟು ದೂರು ಬಂತು, ವರ್ಷದ ಕೊನೆಗೆ ಎಷ್ಟು ಬಾಕಿ ಉಳಿಯಿತು, ದೂರು ಕೊಡೋಕೆ ವ್ಯವಸ್ಥೆ ಇದೆಯಾ ಇಲ್ಲವಾ.

‘ಸಮುದಾಯ’ ಅನ್ನೋ ಸಾಲಿನಲ್ಲಿ ನಮ್ಮ ಕಂಪನಿ ಬರೆದಿರೋದು: ವ್ಯವಸ್ಥೆ ಇದೆ. ಬಂದ ದೂರು 0. ಬಾಕಿ 0.

ಅದನ್ನು ನೋಡಿ ನನಗೆ ರಾತ್ರಿ ಊಟ ಸೇರಲಿಲ್ಲ. ಇಷ್ಟು ದಿನ ನಾವು ಗೇಟಿನ ಹತ್ತಿರ ಹೋಗಿ ಕೂಗಾಡಿದ್ದು, ಸೆಕ್ಯುರಿಟಿಯವರ ಹತ್ತಿರ ಹೇಳಿದ್ದು, ಈ ಗುಂಪಿನಲ್ಲಿ ಹಾಕಿದ ಫೋಟೋಗಳು, ಸಭೆಯಲ್ಲಿ ಬಾಯಿಮಾತಲ್ಲಿ ಹೇಳಿದ್ದು, ಒಂದೂ ಲೆಕ್ಕಕ್ಕೆ ಹೋಗಿಲ್ಲ. ಲೆಕ್ಕಕ್ಕೆ ಹೋಗಿರೋದು ನಮ್ಮ ಸಹಿ ಮತ್ತು ಫೋಟೋ. ‘ಸ್ಥಳೀಯ ಸಮುದಾಯದ ಜೊತೆ ಸಮಾಲೋಚನೆ ನಡೆಸಲಾಗಿದೆ’ ಅಂತ ಒಂದು ಸಾಲು ಇದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಶನಿವಾರ ಮಾತಾಡೋದು ಎರಡನೇ ಕೆಲಸ. ಮೊದಲ ಕೆಲಸ ಅಂದ್ರೆ ಪ್ರತಿ ಮನೆಯಿಂದ ಬರವಣಿಗೆಯಲ್ಲಿ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ನೋಂದಣಿ ಸಂಖ್ಯೆ ಹಾಕಿಸಿಕೊಂಡು ಬರೋದು. ಅದೇ ದಿನ ವರದಿಯಲ್ಲಿರುವ ಮೇಲ್ ವಿಳಾಸಕ್ಕೂ ಕಳಿಸೋದು. ಮುಂದಿನ ವರ್ಷ ಆ ಸಾಲಿನಲ್ಲಿ ಸೊನ್ನೆ ಬರೆಯೋಕೆ ಅವರಿಗೆ ಸಾಧ್ಯ ಆಗಬಾರದು.

ಇನ್ನು ಫಿಲ್ಟರ್, ಶೆಲ್ಟರ್ ವಿಷಯ. ಅಷ್ಟು ದೊಡ್ಡ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ 2% ಸಿಎಸ್‌ಆರ್‌ಗೆ, ಅಂದ್ರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಹೇಳುತ್ತೆ. ನಾವು ಲಾರಿ ಬಗ್ಗೆ ಕೇಳಿದ್ದಕ್ಕೆ ಅದು ನಿಲ್ಲಲ್ಲ. ಮತ್ತೆ, ಲಾರಿ ನಿಲ್ಲಿಸೋಕೆ ಜಾಗ ಮಾಡೋದು ಅವರ ವ್ಯವಹಾರದ ಖರ್ಚು. ಅದನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕೋಕೂ ಬರಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ ಅಣ್ಣಾ.

1ನೇ ಕ್ರಾಸ್, ಮೂಲೆ ಮನೆ
ಸೊನ್ನೆಯಾ? ನಾನೊಬ್ಬನೇ ಎಷ್ಟು ಸಲ ಗೇಟಿಗೆ ಹೋಗಿದ್ದೀನಿ!

ಕಿರಾಣಿ ಅಂಗಡಿ
ಇದು ನನಗೆ ಗೊತ್ತಿರಲಿಲ್ಲ. ಬರವಣಿಗೆಯಲ್ಲಿ ಕೊಡೋದಾದ್ರೆ ನನ್ನದೂ ಇರಲಿ. ಅಂಗಡಿ ಮುಂದೆ ಗಿರಾಕಿ ಬೈಕ್ ನಿಲ್ಲಿಸೋಕೆ ಜಾಗ ಇಲ್ಲ ಅನ್ನೋದು ನನ್ನ ದೂರು.

ಮೇಷ್ಟ್ರು, 4ನೇ ಕ್ರಾಸ್
ಅಕ್ಕಾರು ಹೇಳಿದ್ದು ಖರೆ ಐತಿ. ನಮ್ಮ ಹಾನಗಲ್ ತಾಲೂಕಿನ ಕುಸನೂರಿನ ಕತಿ ಇಲ್ಲಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. 1984ರಾಗ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ, ಮರದ ತಿರುಳು ಮಾಡೋ ಹರಿಹರ ಪಾಲಿಫೈಬರ್ಸ್ ಕಾರ್ಖಾನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಅಂತ ಒಂದು ಕಂಪನಿ ಮಾಡಿದ್ವು. ಸುಮಾರು 30,000 ಹೆಕ್ಟೇರ್ ಜಾಗಾದಾಗ ನೀಲಗಿರಿ ಹಚ್ಚೋ ಯೋಜನೆ. ಆ ಜಾಗಾ ಅಂದ್ರ ಊರ ಮಂದಿ ದನಾ ಮೇಯಿಸೋ, ಕಟಿಗಿ-ಸೊಪ್ಪು ತರೋ ಜಾಗಾ. ಅವರನ್ನ ಒಂದ್ ಮಾತು ಕೇಳಿರಲಿಲ್ಲ. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆಯವರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ಕ್ಕ ಕುಸನೂರಾಗ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಆತು. ನೀಲಗಿರಿ ಸಸಿ ಕಿತ್ತು, ಅದ ಜಾಗಾದಾಗ ತಮಗ ಬೇಕಾದ ಸಸಿ ಹಚ್ಚಿ ಬಂದ್ರು ಮಂದಿ. 1991ರಾಗ ಆ ಕಂಪನಿ ಮುಚ್ಚಿತು.

ನಾ ಯಾಕ ಹೇಳಿದೆ ಅಂದ್ರ, ಅವರು ಬರೀ ಬ್ಯಾಡ ಅಂತ ಹೇಳಿ ಬರಲಿಲ್ಲ, ಏನು ಬೇಕು ಅನ್ನೂದನ್ನೂ ನೆಲದಾಗ ತೋರಿಸಿ ಬಂದರು. ನಾವೂ ದೂರಿನ ಜೋಡಿ ಉಪಾಯಾನೂ ಒಯ್ಯೋಣು.

ಬಾಡಿಗೆ ಮನೆ, 2ನೇ ಕ್ರಾಸ್
ನಮಸ್ಕಾರ, ನಾನು ಹೊಸಬ. ಭದ್ರಾವತಿಯ ಕಾಗದನಗರದಲ್ಲಿ ಬೆಳೆದವನು. ಅಲ್ಲಿನ ಕಾಗದ ಕಾರ್ಖಾನೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ ಅಲ್ಲಿ ಕ್ವಾರ್ಟರ್ಸ್‌ಗಳು ಹೇಗೆ ಖಾಲಿಯಾದವು ಅಂತ ನೋಡಿದ್ದೀನಿ. 2020ರಲ್ಲಿ ಅದರ ನೆಡುತೋಪಿನ 40 ವರ್ಷದ ಗುತ್ತಿಗೆ ಮುಗಿದಾಗ ಸರ್ಕಾರ ಮತ್ತೆ 40 ವರ್ಷಕ್ಕೆ ಮುಂದುವರಿಸಿತು. ಕಾರ್ಖಾನೆ ಓಡದೆ ಇರುವಾಗ ಕಾಗದಕ್ಕೆ ಬೆಳೆಸೋ ಅಕೇಶಿಯಾ ಯಾರಿಗೆ ಅಂತ ಮಲೆನಾಡಿನ ಜನ ಬೀದಿಗಿಳಿದರು. ಆ ಕಾಡಿನ ಅಂಚಿನಲ್ಲಿ ಇರೋರನ್ನು ಮೊದಲೇ ಕೂರಿಸಿ ಕೇಳಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಅನ್ನೋದು ನನ್ನ ಭಾವನೆ.

ನನ್ನ ಕೋರಿಕೆ ಒಂದೇ. ‘ಡಿಪೋ ಮುಚ್ಚಿಸಿ’ ಅನ್ನೋ ಮಾತು ಯಾರ ದೂರಿನಲ್ಲೂ ಬರದಿರಲಿ. ಅಲ್ಲಿ ದುಡಿಯೋರಲ್ಲಿ ನಮ್ಮ ಪಕ್ಕದ ಕಾಲನಿಯ ಹೆಣ್ಣುಮಕ್ಕಳೇ ಜಾಸ್ತಿ.

ತೋಟದ ಮನೆ
ನಾನು ಆ ಡಿಪೋಗೆ ಮರ ಮಾರುವವನು, ಬಡಾವಣೆಯಲ್ಲಿ ವಾಸ ಇರುವವನೂ ಹೌದು. ನನ್ನನ್ನು ರೈತರ ಕಡೆಯಿಂದ ಕರೆದಿದ್ದಾರೆ. ಲಾರಿ ಯಾಕೆ ರಾತ್ರಿಯೇ ಬರುತ್ತೆ ಅನ್ನೋದನ್ನು ಯಾರೂ ಕೇಳಲಿಲ್ಲ, ಹೇಳ್ತೀನಿ.

ಡಿಪೋದವರು ಮರ ಕೊಳ್ಳೋದು ಟನ್ ಲೆಕ್ಕದಲ್ಲಿ. ಕಡಿದ ದಿನ ದಿಮ್ಮಿಯಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ ಇರುತ್ತೆ. ಬಿಸಿಲಿಗೆ ನಿಂತಷ್ಟೂ ತೂಕ ಇಳಿಯುತ್ತೆ, ತೂಕ ಇಳಿದರೆ ನಮ್ಮ ದುಡ್ಡು ಇಳಿಯುತ್ತೆ. ಟೋಕನ್ ಕೊಡೋದು ಬೆಳಿಗ್ಗೆ ಎಂಟಕ್ಕೆ ಗೇಟ್ ತೆಗೆದ ಮೇಲೆ, ಮೊದಲು ಬಂದವರಿಗೆ ಮೊದಲು. ಲಾರಿ ತೂಕ ಹಾಕೋ ವೇ ಬ್ರಿಜ್ ಒಂದೇ. ಹಾಗಾಗಿ ಎಲ್ಲರೂ ರಾತ್ರಿಯೇ ಬಂದು ಸಾಲು ಹಿಡೀತಾರೆ. ಹಿಂದೆ ಬಿದ್ದ ಲಾರಿ ಒಂದೊಂದು ಸಲ ಮಾರನೇ ದಿನದವರೆಗೂ ನಿಲ್ಲುತ್ತೆ. ಡ್ರೈವರ್‌ಗೆ ಬಾಡಿಗೆ ಹೋಯ್ತು, ನನಗೆ ತೂಕ ಹೋಯ್ತು, ನಿಮಗೆ ರಸ್ತೆ ಹೋಯ್ತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನು ನಿಷೇಧಿಸಿದ ಮೇಲೆ ನನ್ನ ಹತ್ತಿರ ಉಳಿದಿರೋದು ಹಳೇ ಗಿಡದ ಕೂಳೆ, ಸ್ವಲ್ಪ ಸರ್ವೆ ಮರ. ಇರೋದರಲ್ಲೂ ಹೀಗೆ ಕಳೆದುಕೊಂಡರೆ ಹೇಗೆ?

ಫೋನಿನಲ್ಲೇ ಹಿಂದಿನ ದಿನ ಟೋಕನ್ ಕೊಟ್ಟು, ಇಂಥ ಲಾರಿ ಇಂಥ ಗಂಟೆಗೆ ಬರಲಿ ಅಂದರೆ ರಾತ್ರಿಯ ಸಾಲೇ ಇರಲ್ಲ. ಒಳಗೆ ಹಿಂಭಾಗದಲ್ಲಿ ಖಾಲಿ ಜಾಗವೂ ಇದೆ, ನಾನೇ ನೋಡಿದ್ದೀನಿ.

2ನೇ ಕ್ರಾಸ್, ಕೊನೇ ಮನೆ
ಅಣ್ಣಾ, ಇಡೀ ಥ್ರೆಡ್‌ನಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದು ಬಂದಿಲ್ಲ. ಸಭೆಯಲ್ಲಿ ರೈತರನ್ನು ಒಂದು ಕಡೆ, ನಮ್ಮನ್ನು ಒಂದು ಕಡೆ ಕೂರಿಸ್ತಾರೆ. ‘ಲಾರಿ ನಮ್ಮದಲ್ಲ, ಗುತ್ತಿಗೆದಾರರದ್ದು, ರೈತರಿಗೆ ಅವಸರ’ ಅಂದುಬಿಟ್ಟರೆ ನಾವು ನಿಮ್ಮ ಮುಖ ನೋಡಬೇಕು, ನೀವು ನಮ್ಮ ಮುಖ ನೋಡಬೇಕು. ಅದಕ್ಕೆ ಮೊದಲೇ ರೈತರು, ಲಾರಿಯವರು, ನಾವು ಮೂರೂ ಜನ ಸೇರಿ ಒಂದೇ ಕಾಗದಕ್ಕೆ ಸಹಿ ಹಾಕಿದರೆ? ಟೋಕನ್ ಪದ್ಧತಿ ಬದಲಿಸೋದು ಕಂಪನಿ ಒಂದರ ಕೈಯಲ್ಲೇ ಇದೆ.

ತೋಟದ ಮನೆ
ನಮ್ಮ ಕಡೆಯವರಿಂದ ಸಹಿ ಹಾಕಿಸೋ ಜವಾಬ್ದಾರಿ ನನ್ನದು. ಲಾರಿ ಮಾಲೀಕರಲ್ಲಿ ಇಬ್ಬರು ಖಂಡಿತ ಬರ್ತಾರೆ.

ಬಾಡಿಗೆ ಮನೆ, 2ನೇ ಕ್ರಾಸ್
ಗೇಟಿನ ಬೋರ್ಡಿನಲ್ಲಿ ಎಫ್‌ಎಸ್‌ಸಿ ಗುರುತು ಇದೆ, ಕಾಡು-ನೆಡುತೋಪನ್ನು ಜವಾಬ್ದಾರಿಯಿಂದ ನೋಡಿಕೊಳ್ತಾರೆ ಅನ್ನೋ ಪ್ರಮಾಣಪತ್ರದ್ದು. ಅದರಲ್ಲೂ ಜನರ ಜೊತೆ ಮಾತಾಡಬೇಕು ಅನ್ನೋ ನಿಯಮ ಇರಬೇಕಲ್ಲ ಮೇಡಂ?

2ನೇ ಕ್ರಾಸ್, ಕೊನೇ ಮನೆ
ಇದೆ. ಎಫ್‌ಎಸ್‌ಸಿಯ 10 ತತ್ವಗಳಲ್ಲಿ ನಾಲ್ಕನೆಯದೇ ಸ್ಥಳೀಯ ಸಮುದಾಯದ ಜೊತೆಗಿನ ಸಂಬಂಧದ ಬಗ್ಗೆ. ಅಹವಾಲು ಬಗೆಹರಿಸುವ ವ್ಯವಸ್ಥೆ ಇರಬೇಕು, ಹಾನಿಯಾದರೆ ನ್ಯಾಯವಾದ ಪರಿಹಾರ ಸಿಗಬೇಕು ಅಂತಿದೆ. ಪ್ರಮಾಣಪತ್ರ 5 ವರ್ಷಕ್ಕೆ, ನಡುವೆ ಪ್ರತಿ ವರ್ಷ ಹೊರಗಿನ ಆಡಿಟರ್ ಬರ್ತಾರೆ. ಆದರೆ ಅದು ಮುಖ್ಯವಾಗಿ ಮರ ಬೆಳೆಯುವ ಜಾಗಕ್ಕೆ ಸಂಬಂಧಪಟ್ಟದ್ದು. ಡಿಪೋ ಮುಂದಿನ ರಸ್ತೆಗೆ ಅದನ್ನೇ ನೆಚ್ಚಿಕೊಂಡು ಕೂರೋದು ಬೇಡ. ಆಡಿಟರ್‌ಗೆ ನಮ್ಮ ದೂರಿನ ಪ್ರತಿ ಕಳಿಸೋಣ, ಅಷ್ಟು ಸಾಕು. ನಮ್ಮ ಭಾರ ಬೀಳಬೇಕಾದ್ದು ಆ ಸೊನ್ನೆಯ ಮೇಲೆ.

3ನೇ ಕ್ರಾಸ್, ಮಹಡಿ ಮನೆ
ಹೊರಗೆ ಚಾಚಿದ ದಿಮ್ಮಿಗೆ ಏನು ಮಾಡೋದು? ಅದು ಟೋಕನ್‌ನಿಂದ ಸರಿಹೋಗಲ್ಲ.

ಸಂಘದ ಕಾರ್ಯದರ್ಶಿ
ಅದಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಇದೆ. ಲೋಡು ಬಾಡಿಯಿಂದ ಹೊರಗೆ ಚಾಚಿದರೆ 20,000 ರೂಪಾಯಿ ದಂಡ. ಓವರ್‌ಲೋಡ್ ಆದರೆ 20,000 ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಆದರೆ ದಂಡ ಬೀಳೋದು ಡ್ರೈವರ್ ಮೇಲೆ, ಮಾಲೀಕರ ಮೇಲೆ. ಕಂಪನಿಯಿಂದ ಕೇಳಬೇಕಾದ್ದು ಬೇರೆ: ಚಾಚಿದ ಲೋಡಿಗೆ ವೇ ಬ್ರಿಜ್‌ನಲ್ಲಿ ತೂಕವನ್ನೇ ಹಾಕಲ್ಲ ಅಂತ ಅವರು ಬೋರ್ಡ್ ಹಾಕಲಿ. ಮರ ಕೊಳ್ಳೋರು ಬೇಡ ಅಂದರೆ ಹಾಗೆ ತುಂಬೋರು ಯಾರು? ಆರ್‌ಟಿಒ ಕಚೇರಿಗೂ ಪ್ರತಿ ಹೋಗಲಿ.

ಶನಿವಾರಕ್ಕೆ ಮಹಡಿ ಮನೆಯವರು, ಕೊನೇ ಮನೆಯವರು, ಮೇಷ್ಟ್ರು, ಮೂಲೆ ಮನೆಯವರು, ನಾನು. ತೋಟದ ಮನೆಯವರು ರೈತರ ಕಡೆಯಿಂದ ಹೇಗೂ ಇರ್ತಾರೆ. ಜಂಟಿ ಪತ್ರದ ಕರಡು ಇದು, ನೋಡಿ ಹೇಳಿ:

‘ಮಾನ್ಯರೇ, ಡಿಪೋಗೆ ಬರುವ ಲಾರಿಗಳು ರಾತ್ರಿಯಿಡೀ ನಮ್ಮ ಬಡಾವಣೆಯ ರಸ್ತೆಯಲ್ಲಿ ನಿಲ್ಲುತ್ತಿದ್ದು, ನಿವಾಸಿಗಳಿಗೂ ಮರ ಮಾರುವ ರೈತರಿಗೂ ಲಾರಿ ಚಾಲಕರಿಗೂ ನಷ್ಟ ಮತ್ತು ಅಪಾಯ ಉಂಟಾಗಿದೆ. ಹಿಂದಿನ ದಿನವೇ ಫೋನ್ ಮೂಲಕ ಸಮಯ ನಿಗದಿಪಡಿಸಿ ಟೋಕನ್ ನೀಡಬೇಕು. ಕಾಯುವ ಲಾರಿಗಳಿಗೆ ಆವರಣದೊಳಗೇ ಜಾಗ, ಚಾಲಕರಿಗೆ ಶೌಚಾಲಯ, ಕುಡಿಯುವ ನೀರು ಒದಗಿಸಬೇಕು. ಹೊರಚಾಚಿದ ಲೋಡನ್ನು ತೂಕಕ್ಕೆ ತೆಗೆದುಕೊಳ್ಳಬಾರದು. ಚರಂಡಿಯಲ್ಲಿ ಬೀಳುವ ತೊಗಟೆಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕು. ಈ ಪತ್ರವನ್ನು ಸಮುದಾಯದ ದೂರು ಎಂದು ನೋಂದಾಯಿಸಿ ಸಂಖ್ಯೆ ನೀಡಬೇಕು.’

ಮೇಷ್ಟ್ರು, 4ನೇ ಕ್ರಾಸ್
ಶೌಚಾಲಯ ಸೇರಿಸಿದ್ದು ಭಾಳ ಛಲೋ ಆತು. ‘ಸೂಕ್ತ ಕ್ರಮ’ ತಗೀರಿ. ಯಾರು ಸ್ವಚ್ಛ ಮಾಡ್ತಾರ, ವಾರಕ್ಕ ಎಷ್ಟು ಸಲ, ಯಾವ ತಾರೀಖಿನಿಂದ ಅಂತ ಬರೀರಿ. ಸಭಾದಾಗ ಏನು ಒಪ್ಪಿದ್ರು ಅನ್ನೂದನ್ನ ಅಲ್ಲೇ ಕನ್ನಡದಾಗ ಬರದು, ಓದಿ ಹೇಳಿ, ಆಮ್ಯಾಲೆ ಸಹಿ ಕೇಳಬೇಕು ಅಂತಾನೂ ಹಾಕ್ರಿ.

2ನೇ ಕ್ರಾಸ್, ಕೊನೇ ಮನೆ
ಹೌದು. ಪರಿಸರ ಅನುಮತಿಗೆ ನಡೆಸುವ ಸಾರ್ವಜನಿಕ ಅಹವಾಲು ಸಭೆಗೆ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಅದನ್ನೇ ಹೇಳುತ್ತೆ: ನಡಾವಳಿಯನ್ನು ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇದು ಆ ಥರದ ಸಭೆ ಅಲ್ಲ, ಕಾನೂನಿನ ಕಟ್ಟುಪಾಡೂ ಇಲ್ಲ, ಆದರೆ ಕೇಳೋದಕ್ಕೆ ಏನಡ್ಡಿ? ಓದಿ ಹೇಳೋವರೆಗೆ ಹಾಜರಿ ಪುಸ್ತಕಕ್ಕೆ ನಮ್ಮ ಐದು ಜನರಲ್ಲಿ ಯಾರೂ ಸಹಿ ಹಾಕೋದು ಬೇಡ. ಫೋಟೋನೂ ಆಮೇಲೆ.

ಸಂಘದ ಕಾರ್ಯದರ್ಶಿ
ತಿದ್ದಿದೆ. ತೊಗಟೆಯನ್ನು ಡಿಪೋ ಸಿಬ್ಬಂದಿ ವಾರಕ್ಕೆ ಎರಡು ಸಲ ತೆಗೆಯಬೇಕು, ಬರುವ ತಿಂಗಳ 1ರಿಂದ. ಮನೆಮನೆ ದೂರಿನ ಫಾರಂ ಗುರುವಾರ ಸಂಜೆ ಕಿರಾಣಿ ಅಂಗಡಿಯಲ್ಲಿ ಸಿಗುತ್ತೆ, ಎರಡೆರಡು ಪ್ರತಿ ತುಂಬಿ ಶುಕ್ರವಾರದೊಳಗೆ ಅಲ್ಲೇ ಕೊಡಿ.

ಕಿರಾಣಿ ಅಂಗಡಿ
ಜೆರಾಕ್ಸ್ ಖರ್ಚು ನನ್ನದು. ಬರೆಯೋಕೆ ಬಾರದ ಹಿರಿಯರು ಇದ್ರೆ ಅಂಗಡಿಗೇ ಬರಲಿ, ಅವರು ಹೇಳಿದ್ದನ್ನ ನನ್ನ ಮಗ ಬರೆದುಕೊಡ್ತಾನೆ.