ಯಾವ ಸೈರನ್ ಯಾರದು? ಮನೆಯ ಗುಂಪಿನಲ್ಲಿ ಒಂದು ರಾತ್ರಿ

ಅಪ್ಪಚ್ಚಿ, ಶಿರಸಿ: ‘ಕೈಗಾ ಅಣುಸ್ಥಾವರದಲ್ಲಿ ಸೋರಿಕೆ! ಮುಚ್ಚಿಡುತ್ತಿದ್ದಾರೆ. ಅದಕ್ಕೇ ಅಯೋಡಿನ್ ಮಾತ್ರೆ ಹಂಚುತ್ತಿದ್ದಾರೆ. ಈಗಲೇ ನುಂಗಿ. ಹತ್ತು ಜನಕ್ಕೆ ಕಳಿಸಿ.’

ಅಪ್ಪಚ್ಚಿ: ಎಲ್ಲರೂ ಓದಿ. ನಾನು ಮೊದಲೇ ಹೇಳಿದ್ದೆ.

ರವಿ: ಇದು ಎಲ್ಲಿಂದ ಬಂತು ಅಪ್ಪಚ್ಚಿ? ತಾರೀಕಿಲ್ಲ, ಇಲಾಖೆಯ ಹೆಸರೂ ಇಲ್ಲ.

ಅಪ್ಪಚ್ಚಿ: 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಅನ್ನುವ ವಿಕಿರಣ ವಸ್ತು ಬೆರೆತದ್ದು ಸುಳ್ಳಾ?

ರವಿ: ಸುಳ್ಳಲ್ಲ. ಐವತ್ತಕ್ಕೂ ಜಾಸ್ತಿ ಕೆಲಸಗಾರರ ಮೈ ಸೇರಿತ್ತು. ಆದರೆ ಟ್ರಿಟಿಯಂಗೆ ಅಯೋಡಿನ್ ಮಾತ್ರೆ ನಾಟುವುದೇ ಇಲ್ಲ.

ಸುಮಕ್ಕ, ಕಾರವಾರ: ಯಾರೂ ಮಾತ್ರೆ ನುಂಗಬೇಡಿ. ಅದು ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿಸಿಡುತ್ತದೆ, ವಿಕಿರಣದ ಅಯೋಡಿನ್‌ಗೆ ಜಾಗ ಸಿಗಬಾರದು ಅಂತ. ಅಷ್ಟೇ ಅದರ ಕೆಲಸ. ಅಧಿಕಾರಿಗಳು ಹೇಳಿದಾಗ ಮಾತ್ರ ತಗೊಳ್ಳಬೇಕು. ಬುಧವಾರ ಇರುವುದು ಮಾಕ್ ಡ್ರಿಲ್. ನಮ್ಮ ಆಸ್ಪತ್ರೆಗೂ ಸೂಚನೆ ಬಂದಿದೆ.

ದೊಡ್ಡಪ್ಪ: ಶಿವರಾಮ ಕಾರಂತರು ಕೈಗಾ ಬೇಡ ಅಂತ ಹೋರಾಡಿದ್ದನ್ನು ಕಂಡವನು ನಾನು. ಅವರು ತಮ್ಮ ಹೆಸರಿನಲ್ಲೇ ಮಾತಾಡಿದರು. ಹೆಸರಿಲ್ಲದ ಮಾತನ್ನು ದಾಟಿಸಬಾರದು ತಮ್ಮಾ. ರವಿ, ನೀನೂ ಹಿರಿಯರ ಹತ್ತಿರ ಸ್ವಲ್ಪ ತಗ್ಗಿ ಮಾತಾಡು.

ವೀಣಾ, ಬೆಂಗಳೂರು: ಕಾಳಿ ಹೊಳೆ ದಡದಲ್ಲಿ ಅಪ್ಪೆಮಿಡಿ ಹೆಕ್ಕಿ ಲಂಗದಲ್ಲಿ ಕಟ್ಟಿಕೊಂಡು ಬರುತ್ತಿದ್ದೆವು. ಸೊನೆ ತಾಗಿ ನನ್ನ ಕೆನ್ನೆ ಸುಟ್ಟಿತ್ತು. ಆ ಫೋಟೋ ಯಾರ ಹತ್ತಿರ ಇದೆ?

ರವಿ: 2019ರ ನೆರೆಯಲ್ಲೂ ‘ಕಾಳಿ ಹೊಳೆಯ ಕದ್ರಾ ಅಣೆಕಟ್ಟೆ ಒಡೆಯಿತು’ ಅಂತ ಕಳಿಸಿದ್ದು ಅಪ್ಪಚ್ಚಿಯೇ. ಆಯಿಯನ್ನು ರಾತ್ರಿ ಮಳೆಯಲ್ಲಿ ಗುಡ್ಡ ಹತ್ತಿಸಿದೆವು. ಅವರ ಮೊಣಕಾಲು ಇನ್ನೂ ಸರಿಯಾಗಿಲ್ಲ.

ಅಪ್ಪಚ್ಚಿ: ಊರಿಗೆ ನೀರು ನುಗ್ಗಿದ್ದು ನಿಜ ಅಲ್ವಾ? ಅಜ್ಜನ ತಿಥಿಗೂ ಬಾರದವನು ನನಗೆ ಲೆಕ್ಕ ಕೇಳುತ್ತೀಯಾ?

ಸುಮಕ್ಕ: ಅಪ್ಪಚ್ಚಿ ಹೆದರಿದ್ದರಲ್ಲಿ ತಪ್ಪಿಲ್ಲ. ಅವತ್ತು ಸೈರನ್ ಕೂಗಿದಾಗ ಅದು ನೀರಿಗೋ ವಿಕಿರಣಕ್ಕೋ ಅಂತ ಆಯಿಗೆ ತಿಳಿಯಲಿಲ್ಲ. ನೆರೆ ಬಂದರೆ ಗುಡ್ಡ ಹತ್ತಬೇಕು. ವಿಕಿರಣ ಅಂದರೆ ಬಾಗಿಲು, ಕಿಟಕಿ ಹಾಕಿ ಮೊದಲು ಒಳಗಿರಬೇಕು. ಒಂದಕ್ಕೆ ಇನ್ನೊಂದು ಪೂರಾ ಉಲ್ಟಾ. ತಪ್ಪು ತಿಳಿದರೆ ಜೀವಕ್ಕೇ ಕುತ್ತು.

ಸುಮಕ್ಕ: ಸ್ಥಾವರದ ಬೇಲಿಯ ಒಳಗೆ ಹೊಣೆ ಸ್ಥಾವರದವರದು. ಹೊರಗೆ ಜಿಲ್ಲಾಧಿಕಾರಿಯದು. ನಿಯಮ, ಪರವಾನಗಿ ಎಲ್ಲ 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು. ಸುತ್ತಲಿನ ನೀರು, ಹಾಲು, ಮೀನು ಪರೀಕ್ಷೆ ಮಾಡುವುದು ಭಾಭಾ ಅಣು ಸಂಶೋಧನಾ ಕೇಂದ್ರದ ಪ್ರಯೋಗಾಲಯ. ಪೊಲೀಸರು, ಆರೋಗ್ಯ ಇಲಾಖೆ, ಬಸ್ಸಿನವರು ಬೇರೆ. ಅಣೆಕಟ್ಟೆಯವರಂತೂ ಬೇರೆಯೇ. ಇಷ್ಟೂ ಜನ ಸೇರಿ ಒಂದೇ ಮಾತು ಹೇಳಬೇಕು. ಸ್ಥಾವರದಿಂದ 16 ಕಿಲೋಮೀಟರ್ ಒಳಗಿನ ಮನೆ ಮನೆಗೂ ಕನ್ನಡದಲ್ಲಿ ಒಂದು ಹಾಳೆ ಬರಲಿ. ಯಾವ ಸೈರನ್ ಯಾರದು, ಕೇಳಿದ ಕೂಡಲೇ ಏನು ಮಾಡಬೇಕು, ಅಷ್ಟು ಬರೆದರೆ ಸಾಕು. ಆಯಿ ಅದನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿಕೊಳ್ಳುತ್ತಾರೆ. ಇದನ್ನೇ ಅರ್ಜಿ ಬರೆದು ಪಂಚಾಯಿತಿಗೆ ಕೊಡುತ್ತಿದ್ದೇನೆ.

ರವಿ: ನನ್ನ ಸಹಿಯೂ ಇರಲಿ ಅಕ್ಕ.

ಅಪ್ಪಚ್ಚಿ: ಬುಧವಾರ ನಿಮ್ಮ ಆಯಿ ಮನೆಯಲ್ಲಿ ಒಬ್ಬರೇನಾ?

ಸುಮಕ್ಕ: ಹೌದು. ನನಗೆ ಡ್ಯೂಟಿ ಇದೆ.

ಅಪ್ಪಚ್ಚಿ: ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ.

ವೀಣಾ: ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ಫೋಟೋ ಇದೆಯಾ ನೋಡಿ ಅಪ್ಪಚ್ಚಿ.