ಮೈಸೂರು ಅರಮನೆ ಹತ್ರ ಒಂದ್ರಾತ್ರಿ, ಲಲಿತ ಮಹಲ್ಲಾ ಮೆಟ್ರೋಪೋಲಾ?

ಅಪ್ಪ ಅಮ್ಮಂದು 40ನೇ ಆನಿವರ್ಸರಿ, ಹಳೇ ಕಾಲದ ಹೋಟ್ಲಲ್ಲಿ ಸ್ಟೇ, ರಾತ್ರಿ ಗ್ರ್ಯಾಂಡಾಗಿ ಊಟ, ಅಷ್ಟೇ ಪ್ಲಾನು. ಅಪ್ಪಂಗೆ ಮಂಡಿನೋವು ಬೇರೆ. ಯಾವ್ದು ವಾಸಿ?

ತಿಂಡಿಪೋತ: ಲಲಿತ ಮಹಲ್ 1921ರಲ್ಲಿ ವೈಸರಾಯ್ ಉಳ್ಕೊಳ್ಳೋಕೆ ಅಂತ ಕಟ್ಸಿದ್ದು, ಆ ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಊಟ ಮಾಡೋ ಗತ್ತೇ ಬೇರೆ, ಆದ್ರೆ ಬೆಟ್ಟದ ಕಡೆ ಇರೋದು, ನಡ್ಕೊಂಡು ಹೋಗೋ ಮಾತೇ ಇಲ್ಲ. ರೂಮ್ ಕೊಡ್ತಿದಾರಾ ಅಂತ ಫೋನ್ ಮಾಡಿ ಕೇಳ್ಕೊಳಿ.

ಒಂಟಿಕೊಪ್ಪಲ್ ಹುಡ್ಗ: ನನ್ ವೋಟು ಮೆಟ್ರೋಪೋಲ್‌ಗೆ, ಅದೂ 1920ರದ್ದೇ, ಅರಮನೆಗೆ ಹತ್ರ. ಭಾನುವಾರನೇ ಹೋಗಿ, ಸಂಜೆ 7ಕ್ಕೆ ಅರಮನೇಲಿ ಹತ್ತಿರತ್ರ ಲಕ್ಷ ಬಲ್ಬು ಒಟ್ಟಿಗೆ ಹತ್ಕೊಳತ್ತೆ, ಟೇಬಲ್ 8ರ ಮೇಲೆ ಬುಕ್ ಮಾಡಿ. ಅರಮನೆ ಒಳಗೆ ಹೋಗೋವಾಗ ಚಪ್ಪಲಿ ಬಿಡ್ಬೇಕು, ಅಪ್ಪಂಗೆ ದಪ್ಪ ಸಾಕ್ಸ್ ಹಾಕ್ಸಿ.

ಸರಿ, ಮೆಟ್ರೋಪೋಲೇ ಫಿಕ್ಸ್. ಅಮ್ಮಂದು ಈಗ್ಲೇ ಶುರು, ಬೆಳಿಗ್ಗೆ ಮೈಲಾರಿ ದೋಸೆ ಬೇಕಂತೆ 😄