ಮೆಟ್ಟಿಲು ಹತ್ತಿದರೆ ಹಲ್ಲು ನೋವು: ಯಾರಿಗಾದರೂ ಹೀಗಾಗಿದೆಯಾ?

ಅಮ್ಮನಿಗೆ 61 ವರ್ಷ, ಶುಗರ್ ಇದೆ. ಹತ್ತು ದಿನದಿಂದ ಎಡಗಡೆ ಕೆಳಗಿನ ಹಲ್ಲು ನೋವು. ಡೆಂಟಿಸ್ಟ್ ಎಕ್ಸ್‌ರೇ ತೆಗೆದು ಹಲ್ಲು ಚೆನ್ನಾಗಿದೆ ಅಂದರು. ಮೆಟ್ಟಿಲು ಹತ್ತುವಾಗ ಬರುತ್ತದೆ, ಕೂತರೆ ಹೋಗುತ್ತದೆ. ಇನ್ನೊಬ್ಬ ಡೆಂಟಿಸ್ಟ್‌ಗೆ ತೋರಿಸಲಾ?

— ಡೆಂಟಿಸ್ಟ್ ಬೇಡ, ಇವತ್ತೇ ಹಾರ್ಟ್ ಡಾಕ್ಟರ್‌ಗೆ ತೋರಿಸಿ. ನಮ್ಮಪ್ಪನದೂ ಇದೇ ಕತೆ. ವಾಕಿಂಗ್ ಮಧ್ಯೆ ನಿಂತು ದವಡೆಗೆ ಅಂಗೈ ಒತ್ತಿಕೊಳ್ಳುತ್ತಿದ್ದರು. ಎರಡು ಮೂರು ನಿಮಿಷಕ್ಕೆ ಸರಿಹೋಗಿ ಮತ್ತೆ ನಡೆಯುತ್ತಿದ್ದರು. ಯಾವ ಹಲ್ಲು ಅಂತ ಕೇಳಿದರೆ ಬೆರಳು ಒಂದು ಕಡೆ ನಿಲ್ಲುತ್ತಿರಲಿಲ್ಲ, ದವಡೆಯುದ್ದಕ್ಕೂ ಸವರುತ್ತಿದ್ದರು. ತಣ್ಣೀರು ಮುಕ್ಕಳಿಸಿದರೂ ಜುಮ್ ಅನ್ನುತ್ತಿರಲಿಲ್ಲ. ಹಟ ಹಿಡಿದು ಒಂದು ಹಲ್ಲು ಕೀಳಿಸಿಕೊಂಡರು. ಹಲ್ಲು ಹೋಯಿತು, ನೋವು ಹೋಗಲಿಲ್ಲ! ಎದೆ ನೋವು ಅಂತ ಒಂದು ದಿನವೂ ಹೇಳಿದವರಲ್ಲ. ಮಲಗಿಸಿ ತೆಗೆದ ಇಸಿಜಿ ಕೂಡ ನಾರ್ಮಲ್ ಬಂತು, ಅದನ್ನು ನಂಬಿ ಒಂದು ವಾರ ಸುಮ್ನೆ ಕೂತೆವು. ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಅದೇ ಹಲ್ಲು ನೋವು ಬಂತು, ಇಸಿಜಿ ಗೆರೆಯೂ ಬದಲಾಯಿತು. ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂನಲ್ಲಿ ಎರಡು ಬ್ಲಾಕ್. ಸ್ಟೆಂಟ್ ಹಾಕಿದ ಮೇಲೆ ದವಡೆಗೆ ಕೈ ಹೋಗಿಲ್ಲ. ಹೃದಯದ ನೋವು, ದವಡೆಯ ನೋವು ಎರಡರ ಸುದ್ದಿಯೂ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಕಡೆ ಸೇರುತ್ತದಂತೆ. ಎಲ್ಲಿಂದ ಬಂತು ಅನ್ನುವುದು ಮಿದುಳಿಗೆ ಗೊತ್ತಾಗುವುದಿಲ್ಲ.

— ನಾನು ಡೆಂಟಿಸ್ಟ್. ಗಾಬರಿ ಬೇಡ, ಹಲ್ಲು ನೋವು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಹಲ್ಲಿನದೇ ತೊಂದರೆ. ಮೇಲಿನ ಹಲ್ಲಾದರೆ ಸೈನಸ್ ಕೂಡ ಇರಬಹುದು. ಆದರೆ ಹುಳುಕಿಲ್ಲ, ತಟ್ಟಿದರೆ ನೋವಿಲ್ಲ, ಮರಗಟ್ಟುವ ಇಂಜೆಕ್ಷನ್ ಕೊಟ್ಟರೂ ನೋವು ಹಾಗೇ ಇದೆ ಅಂದರೆ ನಾನು ಇಕ್ಕಳ ಮುಟ್ಟುವುದಿಲ್ಲ. ಹುಳುಕು ಹಲ್ಲಿನ ನೋವು ಸಿಡಿದ ಹಾಗೆ ಇರುತ್ತದೆ. ಹೃದಯದಿಂದ ಬರುವ ನೋವು ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಇರುತ್ತದೆ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಎದೆ ನೋವೇ ಇಲ್ಲದೆ ಹೀಗೆ ಬರುವುದು ಜಾಸ್ತಿ. ನಿಮ್ಮ ಅಮ್ಮ ಎರಡೂ ಅಲ್ವಾ?

— ಒಂದು ಮಾತು ಸೇರಿಸುತ್ತೇನೆ. ಸುಮ್ನೆ ಕೂತಾಗಲೂ ನೋವು ಬಂದರೆ, ಐದು ನಿಮಿಷವಾದರೂ ಬಿಡದಿದ್ದರೆ, ಬೆವರು, ಉಸಿರುಕಟ್ಟು, ವಾಂತಿ ಬಂದ ಹಾಗಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ನಡೆಸಿಕೊಂಡು ಹೋಗಬೇಡಿ.

— ಪ್ರಶ್ನೆ ಕೇಳಿದವಳು ನಾನೇ. ಈಗ ಅಮ್ಮನನ್ನು ಯಾವ ಹಲ್ಲು ಅಂತ ಕೇಳಿದೆ. ಕಿವಿಯ ಕೆಳಗಿನಿಂದ ಗಲ್ಲದವರೆಗೆ ಬೆರಳು ಎಳೆದರು. ಆಸ್ಪತ್ರೆಗೆ ಹೊರಟಿದ್ದೇವೆ, ಲಿಫ್ಟ್‌ನಲ್ಲೇ.